ಮನೆಯ ಮೊದಲ ಕಾಲೇಜು ವಿದ್ಯಾರ್ಥಿಗೆ ಜಮಾಅತ್ ಆಸರೆಯಾಗಲಿ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿಯವರ(ಸ) ಮೇಲೆ ಅಲ್ಲಾಹನ ಶಾಂತಿ, ಅನುಗ್ರಹವಿರಲಿ.

ಸಹೋದರರೇ,

ಮದೀನಾದ ಮಸೀದಿಗೆ ತಾಗಿಕೊಂಡು ಸುಫ್ಫಾ ಎಂಬ ಜಗಲಿಯಿತ್ತು. ಮನೆಮಾರಿಲ್ಲದ ಸಹಾಬಿಗಳು ಅಲ್ಲಿ ತಂಗಿ ಕಲಿಯುತ್ತಿದ್ದರು. ಹಝ್ರತ್ ಅಬೂ ಹುರೈರಾ(ರ) ಅವರಲ್ಲೊಬ್ಬರು. ತೋಟವಿದ್ದ ಅನ್ಸಾರರು ಖರ್ಜೂರದ ಗೊನೆಗಳನ್ನು ತಂದು ಅವರಿಗಾಗಿ ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಅದೇ ಮಸೀದಿಯಲ್ಲಿ ಹಝ್ರತ್ ರುಫೈದಾ(ರ) ಅವರ ಡೇರೆಯಿತ್ತು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರನ್ನು ಆರೈಕೆಗೆಂದು ಅಲ್ಲಿಗೇ ಕರೆತರಲಾಯಿತು. ಕಲಿಕೆಗೂ ಶುಶ್ರೂಷೆಗೂ ಮಸೀದಿಯೇ ನೆರಳಾಗಿತ್ತು.

ಇಂದು ನಮ್ಮ ಮೊಹಲ್ಲಾದ ಮಕ್ಕಳು ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಓದಲು ಹೋಗುತ್ತಿದ್ದಾರೆ. ಸೀಟು ಸಿಕ್ಕಿದ ದಿನ ಸಿಹಿ ಹಂಚುತ್ತೇವೆ. ಕಷ್ಟ ಶುರುವಾಗುವುದು ಆಮೇಲೆ. ಎಸೆಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಹುಡುಗಿಯ ಕೈಗೆ ದಪ್ಪನೆಯ ಇಂಗ್ಲಿಷ್ ಅನಾಟಮಿ ಪುಸ್ತಕ ಬರುತ್ತದೆ. ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆಯಾಗುತ್ತದೆ. ಯಾರನ್ನು ಕೇಳಬೇಕು? ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಬೀಡಿ ಕಟ್ಟುತ್ತಾರೆ. ಅವರ ಮನಸ್ಸು ನೋಯಬಾರದೆಂದು ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎನ್ನುತ್ತಾಳೆ. ಎಷ್ಟೋ ಮಕ್ಕಳು ಓದು ಬಿಡುವುದು ಫೀಸಿಗೆ ದುಡ್ಡಿಲ್ಲದೆ ಮಾತ್ರವಲ್ಲ, ಹೇಳಿಕೊಳ್ಳಲು ಒಬ್ಬರಿಲ್ಲದೆಯೂ ಹೌದು.

ತಂದೆತಾಯಂದಿರೇ, ಆ ಪಾಠ ನಿಮಗೆ ಗೊತ್ತಿರಬೇಕಾಗಿಲ್ಲ. ‘ಯಾವುದು ಕಷ್ಟವಾಗ್ತಿದೆ ಮಗಳೇ?’ ಎಂದು ಕೇಳಿದರೆ ಸಾಕು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು. ಪದವಿ ಸಿಗುವ ಮೊದಲು ಆಸ್ಪತ್ರೆಯ ಪ್ರಾಯೋಗಿಕ ತರಬೇತಿ ಪೂರ್ತಿ ಆಗಿರಲೇಬೇಕು. ನೆಂಟರ ಮನೆಯ ಪ್ರತಿ ಮದುವೆಗೂ ಅವಳನ್ನು ಕರೆಸಿಕೊಳ್ಳಬೇಡಿ. ರಾತ್ರಿ ಪಾಳಿಯ ಬಗ್ಗೆ ಆತಂಕವಿದ್ದರೆ ಓದು ಬಿಡಿಸಬೇಡಿ. ಕಾಲೇಜಿಗೆ ಹೋಗಿ ವಸತಿ, ವಾಹನದ ವ್ಯವಸ್ಥೆ ವಿಚಾರಿಸಿ.

ಮಕ್ಕಳೇ, ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ನಾಚಿಕೆಯಿಲ್ಲ. ಫೇಲಾಗುವವರೆಗೆ ಕಾಯಬೇಡಿ. ಮೊದಲ ತಿಂಗಳಲ್ಲೇ ಒಬ್ಬ ಅಧ್ಯಾಪಕರನ್ನು, ಒಬ್ಬ ಸೀನಿಯರ್‌ನ್ನು ಪರಿಚಯ ಮಾಡಿಕೊಳ್ಳಿ.

ಇನ್ನು ಜಮಾಅತಿನ ಹೊಣೆ. ನಮ್ಮಲ್ಲಿ ಆಸ್ಪತ್ರೆ, ಮೆಡಿಕಲ್ ಶಾಪ್, ಲ್ಯಾಬ್‌ಗಳಲ್ಲಿ ದುಡಿಯುವವರಿದ್ದಾರೆ. ಅವರು ಇಂದೇ ಮಸೀದಿಯ ಕಚೇರಿಯಲ್ಲಿ ಹೆಸರು ಬರೆಸಲಿ. ಒಬ್ಬೊಬ್ಬರು ಒಂದೊಂದು ಮಗುವಿನ ಹೊಣೆ ಹೊರಲಿ. ಹುಡುಗಿಯರಿಗೆ ನಮ್ಮ ಸಹೋದರಿಯರೇ ಜೊತೆಯಾಗಲಿ. ವಾರಕ್ಕೊಂದು ಫೋನ್ ಮಾಡಲಿ. ಓದಿ ಮುಗಿಸಿದವರು ಪುಸ್ತಕಗಳನ್ನು ರದ್ದಿಗೆ ಹಾಕದೆ ಇಲ್ಲಿ ತಂದಿಡಲಿ. ಓದುಬರಹ ಬಲ್ಲ ಯುವಕರು ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಇವುಗಳ ಅರ್ಜಿಯನ್ನು ಕೊನೆಯ ದಿನಾಂಕಕ್ಕೆ ಮೊದಲೇ ತುಂಬಿಸಿಕೊಡಲಿ. ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೆಸರು ಒಂದೇ ಆಗಿದೆಯೇ ಎಂದು ಈಗಲೇ ನೋಡಲಿ. ಉಳ್ಳವರು ಅರ್ಹ ವಿದ್ಯಾರ್ಥಿಗಳನ್ನು ಝಕಾತ್, ಸದಕಾಗಳಲ್ಲಿ ಮರೆಯದಿರಲಿ.

ಅನ್ಸಾರರೆಲ್ಲರೂ ವಿದ್ವಾಂಸರಾಗಿರಲಿಲ್ಲ. ತಮ್ಮ ತೋಟದಲ್ಲಿ ಇದ್ದುದನ್ನು ತಂದರು. ನಮ್ಮಲ್ಲಿ ಇರುವುದನ್ನು ನಾವೂ ತರೋಣ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ವಿದ್ಯೆಯನ್ನೂ ರೋಗಿಗಳ ಮೇಲೆ ಕರುಣೆಯನ್ನೂ ದಯಪಾಲಿಸಲಿ. ಆಮೀನ್.