ಬಿತ್ತಿದ ದಿನ ಬರೆದಿಡಿ



ಇವತ್ತು ಹೊಲದ ಮಾತು ಆಡೋಣ. ಮಳೆ ಬಂದಿದೆ. ಇನ್ನೇನು ಮೆಕ್ಕೆಜೋಳ ಬಿತ್ತುತ್ತೇವೆ. ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಅಂತೀವಿ. ಹಾವೇರಿ, ಧಾರವಾಡದ ಕಡೆ ಗೋವಿನಜೋಳ ಅಂತಾರೆ. ಹೆಸರು ಎರಡು, ಬೆಳೆ ಒಂದೇ. ಕಳೆಯ ಕಾಟವೂ ಒಂದೇ.

ಹೊಲದಲ್ಲಿ ಕಳೆ ತೆಗೆಯೋರು ಯಾರು? ನಾವೇ, ಹೆಂಗಸರು. ಸೊಂಟ ಬಗ್ಗಿಸಿ ದಿನವಿಡೀ ತೆಗೀತೀವಿ. ಈಗ ಕಳೆಗೆ ಔಷಧಿಯೂ ಬಂದಿದೆ. ಆದರೆ ಔಷಧಿ ತರೋರು ಗಂಡಸರು. ಹೊಡೆಯೋರು ಗಂಡಸರು. ನಮ್ಮನ್ನು ಯಾರೂ ಕೇಳೋದಿಲ್ಲ.

ನಮ್ಮ ತವರಿನ ಕಥೆ ಹೇಳ್ತೀನಿ, ಕೇಳಿ.

ಕೆಲವು ವರ್ಷದ ಹಿಂದೆ ನಮ್ಮ ಅಣ್ಣ ಎರಡು ಎಕರೆ ಮೆಕ್ಕೆಜೋಳ ಹಾಕಿದ. ನಡುವೆ ತೊಗರಿಯ ಅಕ್ಕಡಿ ಸಾಲು. ಬೀಜ ಹಾಕಿದ್ದು ನಮ್ಮವ್ವ. ಆಮೇಲೆ ಮನೆಯಲ್ಲಿ ಮದುವೆ ಬಂತು. ಹೊಲದ ಕಡೆ ಯಾರೂ ಹೋಗಲಿಲ್ಲ. ಹೋಗಿ ನೋಡಿದರೆ ಕಳೆ ಮೊಣಕಾಲಿಗೆ ಬಂದಿತ್ತು. ಅಣ್ಣ ಪೇಟೆಗೆ ಹೋದ. "ಜೋಳದ ಕಳೆಗೆ ಔಷಧಿ ಕೊಡಿ" ಅಂದ. ಅಂಗಡಿಯವರು ಒಂದು ಪೊಟ್ಟಣ ಕೊಟ್ಟರು. ಎಷ್ಟು ದಿನದ ಬೆಳೆ ಅಂತ ಅವರು ಕೇಳಲಿಲ್ಲ. ಇವನೂ ಹೇಳಲಿಲ್ಲ.

ಅವ್ವ ಬೆರಳು ಮಡಿಚಿ ಲೆಕ್ಕ ಹಾಕಿದಳು. "ಅಮಾವಾಸ್ಯೆ ಆದ ಮೂರನೇ ದಿನ ಬಿತ್ತಿದ್ದು. ಇವತ್ತಿಗೆ ಇಪ್ಪತ್ತೈದು ದಿನ ಆತು ಕಣಪ್ಪಾ" ಅಂದಳು. "ಸುಮ್ನಿರವ್ವಾ, ಔಷಧಿಗೆ ಎಂಥಾ ದಿನ?" ಅಂದ ಅಣ್ಣ. ಹೊಡೆದೇ ಬಿಟ್ಟ.

ಏನಾಯಿತು ಗೊತ್ತಾ? ದೊಡ್ಡ ಕಳೆ ಸಾಯಲಿಲ್ಲ. ತೊಗರಿ ಹಳದಿಯಾಯಿತು. ಎಲೆ ಒಣಗಿ ಉದುರಿತು. ಮನೆಗೆ ವರ್ಷಕ್ಕೆ ಆಗುವ ಬೇಳೆ ಹೋಯಿತು. ಮತ್ತೆ ಆಳು ಕರೆದು ಕಳೆ ತೆಗೆಸಿದರು. ಔಷಧಿಯ ಖರ್ಚು, ಕೂಲಿಯ ಖರ್ಚು, ಎರಡೂ ಬಿತ್ತು.

ನಾನು ಊರಿಗೆ ಹೋದಾಗ ಖಾಲಿ ಪೊಟ್ಟಣದ ಚೀಟಿ ಓದಿದೆ. ಅಟ್ರಾಜಿನ್ ಅಂತ ಇತ್ತು. ಯಾವಾಗ ಹೊಡೆಯಬೇಕು ಅನ್ನೋದೂ ಇತ್ತು. ಅವ್ವ ಕೇಳಿದಳು: "ಚೀಟಿಯಾಗೇ ಬರೆದಿತ್ತಾ? ನನಗೆ ಓದಾಕೆ ಬಂದಿದ್ರೆ ತಡೀತಿದ್ದೆ."

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಅವ್ವನಿಗೆ ದಿನದ ಲೆಕ್ಕ ಗೊತ್ತಿತ್ತು. ಚೀಟಿಯಲ್ಲಿ ಔಷಧಿಯ ಲೆಕ್ಕ ಇತ್ತು. ಎರಡನ್ನೂ ಕೂಡಿಸೋರು ಇರಲಿಲ್ಲ. ಈಗ ನಿಮಗೆ ಓದು ಬಂದಿದೆ. ನೀವು ಕೂಡಿಸಬಹುದು.

ಕಳೆಗೆ ದಿನದ ಲೆಕ್ಕ ಯಾಕೆ ಬೇಕು?

ಮೆಕ್ಕೆಜೋಳ ಮೊದಲು ನಿಧಾನ ಬೆಳೆಯುತ್ತದೆ. ಸಾಲಿನ ನಡುವೆ ಎರಡು ಅಡಿ ಜಾಗ ಬಯಲಾಗಿರುತ್ತದೆ. ಅಲ್ಲಿ ಕಳೆ ಏಳುತ್ತದೆ. ನಾವು ಹಾಕಿದ ಗೊಬ್ಬರ ತಿನ್ನುತ್ತದೆ. ನೀರು ಕುಡಿಯುತ್ತದೆ. ಒಂದೂವರೆ ತಿಂಗಳು ಕಳೆದರೆ ಜೋಳವೇ ಎತ್ತರ ಬೆಳೆದು ನೆರಳು ಮಾಡುತ್ತದೆ. ಆಮೇಲೆ ಕಳೆಯ ಆಟ ಅಷ್ಟಾಗಿ ನಡೆಯೋದಿಲ್ಲ. ಹಾಗಾಗಿ ಮೊದಲ 45 ದಿನ ಹೊಲವನ್ನು ಕಾಯಬೇಕು.

ಕಳೆ ಔಷಧಿಯಲ್ಲಿ ಎರಡು ಬಗೆ ಇವೆ. ಒಂದು, ಕಳೆ ಹುಟ್ಟುವ ಮೊದಲು ಹೊಡೆಯುವುದು. ಇನ್ನೊಂದು, ಕಳೆ ಹುಟ್ಟಿದ ಮೇಲೆ ಹೊಡೆಯುವುದು. ಇದಕ್ಕೆ ಅದು ಆಗದು, ಅದಕ್ಕೆ ಇದು ಆಗದು.

ಅಟ್ರಾಜಿನ್ ಮೊದಲನೆಯ ಬಗೆಯದು. ಬಿತ್ತಿದ ಮೂರು ದಿನದ ಒಳಗೆ ಹೊಡೆಯಬೇಕು. ಆಗ ನೆಲದಲ್ಲಿ ಹಸಿ ಇರಬೇಕು. ಔಷಧಿ ಮೇಲ್ಮಣ್ಣಿನಲ್ಲಿ ಹರಡಿ ಕೂರುತ್ತದೆ. ಮೊಳೆಯುವ ಕಳೆ ಅದನ್ನು ಹೀರಿ ಸಾಯುತ್ತದೆ. ಒಣ ನೆಲಕ್ಕೆ ಹೊಡೆದರೆ ಕೆಲಸ ಮಾಡದು. ಹೊಡೆಯುವವರು ಹಿಂದೆ ಹಿಂದೆ ಸರಿಯುತ್ತಾ ಹೊಡೆಯಬೇಕು. ಹೊಡೆದ ನೆಲ ತುಳಿಯಬಾರದು.

ಅಳತೆ ಎಷ್ಟು? ನೂರಕ್ಕೆ 50 ಭಾಗ ಔಷಧಿ ಇರುವ ಪುಡಿಯಾದರೆ ಎಕರೆಗೆ 400 ರಿಂದ 800 ಗ್ರಾಂ. ಮರಳು ಮಿಶ್ರಿತ ಭೂಮಿಗೆ ಕಡಿಮೆ ಸಾಕು. ಎರೆ ಭೂಮಿಗೆ ಹೆಚ್ಚು ಬೇಕು. ನೀರು 200 ಲೀಟರಿಗಿಂತ ಕಡಿಮೆ ಆಗಬಾರದು. 15 ಲೀಟರಿನ ಪಂಪಿನಲ್ಲಿ ಲೆಕ್ಕ ಹಾಕಿ. ಸುಮಾರು 14 ಪಂಪು ಆಯಿತಲ್ಲವೇ?

ಒಂದು ಮಾತು ಮರೆಯಬೇಡಿ. ತೊಗರಿ, ಅಲಸಂದೆಯಂಥ ಅಕ್ಕಡಿ ಬೆಳೆ ಇದ್ದರೆ ಅಟ್ರಾಜಿನ್ ಬೇಡ. ಅದು ಜೋಳವನ್ನು ಬಿಡುತ್ತದೆ, ತೊಗರಿಯನ್ನು ಬಿಡುವುದಿಲ್ಲ. ಅಕ್ಕಡಿ ಹಾಕಿದವರು ಬಿತ್ತುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. "ಜೋಳದ ಜೊತೆ ತೊಗರಿ ಇದೆ" ಅಂತ ಬಾಯಿಬಿಟ್ಟು ಹೇಳಿ.

ಮೂರು ದಿನ ತಪ್ಪಿಹೋದರೆ? ಆಗ ಎರಡನೆಯ ಬಗೆಯದು ಬೇಕು. ಟೆಂಬೊಟ್ರಿಯೋನ್ ಅಂತ ಒಂದಿದೆ. ಬಿತ್ತಿದ 15 ರಿಂದ 20 ದಿನದಲ್ಲಿ ಹೊಡೆಯಬೇಕು. ಆಗ ಕಳೆಗೆ ಎರಡರಿಂದ ನಾಲ್ಕು ಎಲೆ ಇರುತ್ತದೆ. ಎಳೇ ಕಳೆ ಬೇಗ ಸಾಯುತ್ತದೆ. ಬಲಿತ ಕಳೆ ಜಗ್ಗೋದಿಲ್ಲ. ಇದನ್ನೂ ಬರೀ ಜೋಳ ಇರುವ ಹೊಲಕ್ಕೇ ಹೊಡೆಯಬೇಕು. ಗ್ಲೈಫೋಸೇಟ್ ಅನ್ನುವುದನ್ನು ಮಾತ್ರ ಬೆಳೆದ ಜೋಳದ ಹತ್ತಿರ ತರಬೇಡಿ. ಅದು ಹಸಿರು ಕಂಡದ್ದನ್ನೆಲ್ಲ ಕೊಲ್ಲುತ್ತದೆ. ಜೋಳವನ್ನೂ ಕೊಲ್ಲುತ್ತದೆ.

ನೀವು ಕೇಳಬಹುದು: "ಟೀಚರೇ, ಔಷಧಿಯೇ ಕಳೆ ಕೊಂದರೆ ನಮ್ಮ ಕೂಲಿ ಹೋಗೋದಿಲ್ವಾ?" ನಿಮ್ಮ ಮಾತು ಸುಳ್ಳಲ್ಲ. ಕೂಲಿ ಕಡಿಮೆ ಆಗುತ್ತದೆ. ಆದರೆ ಔಷಧಿಯೇ ಎಲ್ಲಾ ಮಾಡೋದಿಲ್ಲ. ಜೇಕು ಅಟ್ರಾಜಿನ್‌ಗೆ ಸಾಯದು. ತಿಂಗಳಿಗೆ ಒಮ್ಮೆ ಎಡೆಕುಂಟೆ ಹೊಡೆಯಲೇಬೇಕು, ಸಾಲಿನ ಕಳೆ ಕೈಯಲ್ಲೇ ತೆಗೆಯಬೇಕು. ಔಷಧಿ ಹೊಡೆಯಲೇಬೇಕು ಅಂತಲೂ ಇಲ್ಲ. ಮನೆಯಲ್ಲಿ ಕೈಗಳಿದ್ದರೆ 20ನೇ ದಿನಕ್ಕೆ ಒಮ್ಮೆ, 35 ರಿಂದ 40ನೇ ದಿನಕ್ಕೆ ಒಮ್ಮೆ ಕಳೆ ತೆಗೆಯಿರಿ. ಅದಕ್ಕೂ ದಿನದ ಲೆಕ್ಕ ಬೇಕೇ ಬೇಕು.

ಇನ್ನು ನಮ್ಮ ಜೀವದ ಮಾತು. ಔಷಧಿ ಅಂತೀವಿ, ಆದರೆ ಅದು ವಿಷ. ಪೊಟ್ಟಣದ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಕೈಯಲ್ಲಿ ಕಲಸಬೇಡಿ, ಕೋಲು ಬಳಸಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಬಸುರಿಯರು, ಹಾಲೂಡಿಸುವ ತಾಯಂದಿರು ಹತ್ತಿರ ಹೋಗಬೇಡಿ. ಎಲೆಅಡಿಕೆ, ಊಟ ಕೈಕಾಲು ಮುಖ ತೊಳೆದ ಮೇಲೇ. ಹೊಡೆದ ಹೊಲದಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು ಕೀಳಬೇಡಿ. ಆ ಹುಲ್ಲು ದನಕ್ಕೂ ಹಾಕಬೇಡಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಬೇಡಿ. ಯಾರಿಗಾದರೂ ತಲೆ ಸುತ್ತಿದರೆ, ವಾಂತಿ ಆದರೆ 108 ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಹೋಗುವಾಗ ಪೊಟ್ಟಣವನ್ನೂ ಕೊಂಡೊಯ್ಯಿರಿ. ಡಾಕ್ಟರಿಗೆ ಅದರ ಹೆಸರು ತಿಳಿಯಬೇಕು.

ಕೊನೆಗೆ ಒಂದು ಚಿಕ್ಕ ಕೆಲಸ. ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ. ಬಿತ್ತಿದ ದಿನದ ಮನೆಯಲ್ಲಿ "ಬಿತ್ತನೆ" ಅಂತ ಬರೆಯಿರಿ. ಜೂನ್ 10 ಕ್ಕೆ ಬಿತ್ತಿದಿರಿ ಅನ್ನಿ. ಜೂನ್ 13 ರ ಒಳಗೆ ಮೊದಲ ಔಷಧಿ. ಅದು ತಪ್ಪಿದರೆ ಜೂನ್ 25 ರಿಂದ 30 ರ ಒಳಗೆ ಎರಡನೆಯದು. ಜುಲೈ 10 ರ ಸುಮಾರಿಗೆ ಎಡೆಕುಂಟೆ. ಜುಲೈ 25 ರವರೆಗೆ ಹೊಲದ ಮೇಲೆ ಕಣ್ಣು.

ನಮ್ಮವ್ವ ಈಗ ಓದು ಕಲಿತಿದ್ದಾಳೆ. ಅವಳ ಅಕ್ಷರ ಸೊಟ್ಟ. ಆದರೂ ಕ್ಯಾಲೆಂಡರ್ ಮೇಲೆ "ಬಿತ್ತನೆ" ಅಂತ ಬರೆದಿಡ್ತಾಳೆ. ಪೇಟೆಗೆ ಹೊರಡುವ ಮೊದಲು ಅಣ್ಣ ಅವಳನ್ನೇ ಕೇಳ್ತಾನೆ: "ಅವ್ವಾ, ಇವತ್ತಿಗೆ ಎಷ್ಟು ದಿನ ಆತು?"

ನಿಮ್ಮ ಮನೆಯಲ್ಲೂ ನಿಮ್ಮನ್ನು ಕೇಳಲಿ. ನೀವು ಬರೆದಿಟ್ಟು ಹೇಳಿ.