ಅಡಿಪಾಯ ಏಳನೇ ತರಗತಿಯಲ್ಲೇ ಬೀಳಬೇಕು

 

ಸರ್ಕಾರಿ ಎಂಜಿನಿಯರ್ ಆಗಿ ಸೇತುವೆ, ಕಾಲುವೆ ಕಟ್ಟಿಸಿ ನಿವೃತ್ತನಾದವನು ನಾನು. ಭಾಷಣ ನನ್ನ ಕಸುಬಲ್ಲ. ಮಕ್ಕಳ ಓದಿನ ಬಗ್ಗೆ ಎರಡು ಮಾತು ಹೇಳಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ.

ಹಳ್ಳಿಯ ಕನ್ನಡ ಶಾಲೆಯಿಂದ ಪಿಯುಸಿ ವಿಜ್ಞಾನಕ್ಕೆ ಹೋದ ನನಗೆ ಮೊದಲ ಕಿರುಪರೀಕ್ಷೆಯ ಗಣಿತದಲ್ಲಿ ಬಂದದ್ದು 50ಕ್ಕೆ 7. ಲೆಕ್ಕ ಬರುತ್ತಿತ್ತು, ‘ಡಿನಾಮಿನೇಟರ್’ ಎಂದರೆ ನಮ್ಮ ‘ಛೇದ’ವೇ ಎಂಬುದು ತಿಳಿದಿರಲಿಲ್ಲ. ಪ್ರಸಾದ ನಿಲಯದ ಹಿರಿಯ ವಿದ್ಯಾರ್ಥಿಯೊಬ್ಬರು ದಿನವೂ ರಾತ್ರಿ ಊಟವಾದ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಇಲ್ಲದಿದ್ದರೆ ಟ್ರಂಕು ಹೊತ್ತು ಊರಿಗೆ ಮರಳುತ್ತಿದ್ದೆ.

ಆ ಋಣ ತೀರಿಸುವ ಅವಕಾಶ ಬಂದಾಗ ನಾನೇ ತಪ್ಪಿದೆ. ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದ ತಾಯಿಯ ಮಗಳು ಆಗ ಎಂಟನೇ ತರಗತಿ, ಲೆಕ್ಕದಲ್ಲಿ ಬಲು ಚುರುಕು. ‘ಎನ್‌ಎಂಎಂಎಸ್ ಪರೀಕ್ಷೆ ಕಟ್ಟವ್ವ’ ಎಂದು ಹೇಳಿ ಸುಮ್ಮನಾದೆ. ಆದಾಯ ಪ್ರಮಾಣಪತ್ರ ಮಾಡಿಸಲು ತಾಯಿ ಒಂದು ದಿನದ ಕೂಲಿ ಬಿಡಬೇಕಿತ್ತು. ಬಿಡಲಾಗಲಿಲ್ಲ, ಅರ್ಜಿಯ ದಿನ ದಾಟಿತು. ಹುಡುಗಿಯ ಓದು ಹತ್ತಕ್ಕೇ ನಿಂತಿತು. ಆ ದಿನ ನನ್ನ ಬೈಕು ಮನೆಯ ಮುಂದೆ ಸುಮ್ಮನೆ ನಿಂತಿತ್ತು.

ಈ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಹಣಕ್ಕಿಂತ ದೊಡ್ಡದೊಂದಿದೆ: ‘ನಾನೂ ಕಾಲೇಜಿಗೆ ಹೋಗಬಲ್ಲೆ’ ಎಂಬ ಧೈರ್ಯ.

ಇನ್ನೊಂದು ಮಾತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಮೀಸಲಾತಿ ಇದೆ. ಕನ್ನಡ ಶಾಲೆಯಲ್ಲಿ ಓದಿದರೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿತೆಂದು ಹೆದರಬೇಡಿ. ಎಸ್ಸೆಸ್ಸೆಲ್ಸಿಯ ನಂತರ ಡಿಪ್ಲೊಮಾ ಮಾಡಿದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ.

ಕಟ್ಟಡದ ಮೇಲಂತಸ್ತಿನಲ್ಲಿ ಬಿರುಕು ಕಂಡರೆ ನಾವು ಮೊದಲು ನೋಡುವುದು ಅಡಿಪಾಯವನ್ನು. ಪಿಯುಸಿಯಲ್ಲಿ ಸೋಲುವ ಎಷ್ಟೋ ಮಕ್ಕಳು ನಿಜವಾಗಿ ಎಡವಿರುವುದು ಏಳು, ಎಂಟನೇ ತರಗತಿಯ ಭಿನ್ನರಾಶಿ, ಅನುಪಾತ, ಬೀಜಗಣಿತದಲ್ಲಿ. ಅದನ್ನು ಪಿಯುಸಿಯ ದುಬಾರಿ ಕೋಚಿಂಗಿನಲ್ಲಿ ಸರಿಪಡಿಸಲು ಹೊರಡುವುದು ಮೇಲೆ ಗಿಲಾವು ಬಳಿದಂತೆ.

ಕಳೆದ ಮೂರು ವರ್ಷಗಳಿಂದ ಭಾನುವಾರ ಎರಡು ತಾಸು ನಮ್ಮ ಜಗುಲಿಯಲ್ಲಿ ಹದಿನಾಲ್ಕು ಮಕ್ಕಳು ಕೂರುತ್ತಾರೆ. ಪ್ರತಿ ಪದವನ್ನೂ ಕನ್ನಡದಲ್ಲಿ, ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಬರೆಸುತ್ತೇನೆ. ಶಾಲೆ ಶುರುವಾದ ಕೂಡಲೇ ಅವರ ಕಾಗದಪತ್ರಗಳನ್ನು ನೋಡುತ್ತೇನೆ. ನಾಡಕಚೇರಿಗೆ ನಾನೇ ಜೊತೆಗೆ ಹೋಗುತ್ತೇನೆ.

ನಿವೃತ್ತರಾದ ಬಂಧುಗಳೇ, ದಾಸೋಹ ಅನ್ನದ್ದಷ್ಟೇ ಅಲ್ಲ. ನಿಮ್ಮ ಓಣಿಯ ಒಂದು ಮಗುವನ್ನು ಈ ವಾರವೇ ಗುರುತಿಸಿ. ‘ಪರೀಕ್ಷೆ ಕಟ್ಟು’ ಎಂದಷ್ಟೇ ಹೇಳಿ ಬರಬೇಡಿ. ಬೈಕು ಹೊರಗೆ ತೆಗೆಯಿರಿ.