ನೆರೆಯವರ ನಂಬಿಕೆ, ದೊಡ್ಡವರ ಮೈತ್ರಿ



ಪ್ರಬಲ ಮೈತ್ರಿಕೂಟವೊಂದು ಬೆಂಬಲಕ್ಕಿರುವಾಗ ನೆರೆಯ ಸಣ್ಣ ರಾಷ್ಟ್ರಗಳು ತಮ್ಮೊಳಗೆ ಪ್ರತ್ಯೇಕ ರಕ್ಷಣಾ ಸಹಕಾರವನ್ನು ಏಕೆ ಬೆಳೆಸಿಕೊಳ್ಳಬೇಕು? ಉತ್ತರ ಯುರೋಪಿನ ಐದು ದೇಶಗಳ ಅನುಭವ ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

1948–49ರಲ್ಲಿ ಸ್ವೀಡನ್, ನಾರ್ವೆ ಮತ್ತು ಡೆನ್ಮಾರ್ಕ್ ಜಂಟಿ ರಕ್ಷಣಾ ಒಕ್ಕೂಟವೊಂದನ್ನು ರಚಿಸಲು ಮಾತುಕತೆ ನಡೆಸಿದವು. ಒಕ್ಕೂಟವು ತಟಸ್ಥವಾಗಿರಬೇಕೆಂಬುದು ಸ್ವೀಡನ್ನಿನ ನಿಲುವು. ತಟಸ್ಥವಾಗಿದ್ದರೂ 1940ರಲ್ಲಿ ಜರ್ಮನಿಯ ದಾಳಿಗೆ ತುತ್ತಾಗಿದ್ದ ನಾರ್ವೆ ಅದನ್ನು ಒಪ್ಪಲಿಲ್ಲ. ಮಾತುಕತೆ ಮುರಿಯಿತು. ನಾರ್ವೆ, ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್ 1949ರಲ್ಲಿ ನ್ಯಾಟೊ ಸೇರಿದವು; ಸ್ವೀಡನ್, ಫಿನ್‌ಲ್ಯಾಂಡ್ ಹೊರಗುಳಿದವು.

ಅರವತ್ತು ವರ್ಷಗಳ ನಂತರ, 2009ರಲ್ಲಿ, ಈ ಐದೂ ದೇಶಗಳು ‘ನಾರ್ಡೆಫ್ಕೊ’ ಎಂಬ ಸಹಕಾರ ವ್ಯವಸ್ಥೆಯನ್ನು ರೂಪಿಸಿದವು. ವೆಚ್ಚ ಹಂಚಿಕೊಳ್ಳುವುದು ಅದರ ಮುಖ್ಯ ಆಶಯಗಳಲ್ಲೊಂದು. ಎಲ್ಲವೂ ಸುಗಮವಾಗಿರಲಿಲ್ಲ, ಸ್ವೀಡನ್ನಿನೊಡನೆ ಕೈಗೊಂಡಿದ್ದ ‘ಆರ್ಚರ್’ ಫಿರಂಗಿ ಯೋಜನೆಯಿಂದ ನಾರ್ವೆ 2013ರಲ್ಲಿ ಹಿಂದೆ ಸರಿಯಿತು. ಆದರೆ ನಾರ್ವೆಯ ಬೋಡೊ, ಸ್ವೀಡನ್ನಿನ ಲೂಲಿಯೊ, ಫಿನ್‌ಲ್ಯಾಂಡಿನ ರೊವಾನಿಯೆಮಿ ನೆಲೆಗಳ ಯುದ್ಧವಿಮಾನಗಳು ಗಡಿ ದಾಟಿ ಒಟ್ಟಾಗಿ ಅಭ್ಯಾಸ ಮಾಡಿ, ತಂತಮ್ಮ ನೆಲೆಗೆ ಮರಳುವ ಪರಿಪಾಠ ವರ್ಷಗಳ ಕಾಲ ಮುಂದುವರಿಯಿತು. ಭಾರೀ ಒಪ್ಪಂದಗಳು ತಾರದ ನಂಬಿಕೆಯನ್ನು ಈ ಸದ್ದಿಲ್ಲದ ನಿತ್ಯಾಭ್ಯಾಸ ತಂದಿತು.

ಆ ನಂಬಿಕೆಯ ಪರೀಕ್ಷೆ ನಡೆದದ್ದು 2022ರಲ್ಲಿ. ಉಕ್ರೇನಿನ ಮೇಲೆ ರಷ್ಯಾ ದಾಳಿ ನಡೆಸಿದ ಬಳಿಕ ಫಿನ್‌ಲ್ಯಾಂಡ್ ಮತ್ತು ಸ್ವೀಡನ್ ಮೇ 18ರಂದು ನ್ಯಾಟೊ ಸದಸ್ಯತ್ವಕ್ಕೆ ಅರ್ಜಿ ಸಲ್ಲಿಸಿದವು. ಅಲ್ಲಿ ಎಲ್ಲ ಸದಸ್ಯರ ಸಮ್ಮತಿಯೂ ಅಗತ್ಯ. ಟರ್ಕಿ, ಹಂಗೇರಿಗಳ ವಿಳಂಬದಿಂದಾಗಿ ಫಿನ್‌ಲ್ಯಾಂಡ್ 2023ರ ಏಪ್ರಿಲ್‌ವರೆಗೆ, ಸ್ವೀಡನ್ 2024ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆದರೆ ನೆರೆಯವರು ಕಾಯಲಿಲ್ಲ. ಸದಸ್ಯತ್ವ ದೊರೆಯುವ ಮುನ್ನವೇ ದಾಳಿ ನಡೆದರೆ ಸಾಧ್ಯವಿರುವ ಎಲ್ಲ ಬಗೆಯಲ್ಲೂ ನೆರವಾಗುವೆವೆಂದು ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್ ಮೇ 16ರಂದೇ ಜಂಟಿಯಾಗಿ ಸಾರಿದವು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನೆರೆಯವರ ಸ್ನೇಹವೊಂದೇ ಸಾಲುವಂತಿದ್ದರೆ ಆ ಎರಡು ದೇಶಗಳು ನ್ಯಾಟೊದ ಬಾಗಿಲು ತಟ್ಟುತ್ತಲೇ ಇರಲಿಲ್ಲ. ಸಣ್ಣ ಕೂಟಕ್ಕೆ ಅಣ್ವಸ್ತ್ರದ ಬೆದರಿಕೆಯನ್ನು ಎದುರಿಸುವ ಬಲವಿಲ್ಲ. ದೊಡ್ಡ ಕೂಟಕ್ಕೆ ತ್ವರಿತ ನಿರ್ಧಾರ ಸುಲಭವಲ್ಲ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ದೂರದ ಬಲಾಢ್ಯರ ರಾಜಕೀಯ ಚುನಾವಣೆಯಿಂದ ಚುನಾವಣೆಗೆ ಬದಲಾಗಬಹುದು. ಭೂಪಟದಲ್ಲಿ ನೆರೆಹೊರೆ ಬದಲಾಗದು. ಆದ್ದರಿಂದ ನೆರೆಯವರೊಡನೆ ವಿಶ್ವಾಸ ಬೆಳೆಸುವ ಕಾರ್ಯವು ಶಾಂತಿಯ ದಿನಗಳಲ್ಲೇ ಆರಂಭವಾಗಬೇಕು. ಸಂಕಟ ಬಂದ ಮೇಲೆ ಅದಕ್ಕೆ ಸಮಯವಿರದು.